ಕೂಡಿಸಿ ಬರೆದರೆ ಬುದ್ಧಿ ಚುರುಕಾಗುತ್ತಾ? ಕರ್ಸಿವ್ ಜಗಳದ ಒಳಹೊರಗು

ಫಿನ್‌ಲ್ಯಾಂಡ್ ಶಾಲೆಗಳಲ್ಲಿ ಕೈಬರಹವೇ ಬಂದ್ ಆಯಿತಂತೆ. ಕ್ಯಾಲಿಫೋರ್ನಿಯಾದಲ್ಲಿ ಕರ್ಸಿವ್, ಅಂದರೆ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಬರೆಯುವುದು, ಮತ್ತೆ ಕಡ್ಡಾಯವಂತೆ. ಪೆನ್ ಹಿಡಿದು ಬರೆದರೆ ಮಿದುಳು ಚುರುಕಾಗುತ್ತದೆ ಅಂತ ನಾರ್ವೆಯಲ್ಲಿ ಕಂಡುಹಿಡಿದಿದ್ದಾರಂತೆ. ಈ ಮೂರೂ ಸುದ್ದಿಗಳು ಕೆಲವು ವರ್ಷಗಳಿಂದ ಸರದಿಯ ಮೇಲೆ ಪೇಪರಿನಲ್ಲೂ ವಾಟ್ಸಾಪಿನಲ್ಲೂ ಸುತ್ತುತ್ತಿವೆ. ಓದಿದವರಿಗೆ ತಲೆ ಕೆಡುವುದು ಸಹಜ. ಒಂದು ದೇಶ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ಹಾಗಾದರೆ ಯುಕೆಜಿ ಮಗುವಿನ ಮುಂದೆ ನಾಲ್ಕು ಗೆರೆ ಪುಸ್ತಕ ಇಟ್ಟು ಕೂರಿಸಿರುವ ನಾವು ಮಾಡುತ್ತಿರುವುದು ಸರಿಯೋ ತಪ್ಪೋ?

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಅಂಟಿಕೊಂಡಿವೆ, ಕರ್ಸಿವ್ ಅಕ್ಷರಗಳ ಹಾಗೆಯೇ. ಮಕ್ಕಳು ಕೈಯಲ್ಲಿ ಬರೆಯಬೇಕಾ ಅನ್ನುವುದು ಒಂದು. ಅಕ್ಷರಕ್ಕೆ ಅಕ್ಷರ ಕೂಡಿಸಿ, ಪೆನ್ ಎತ್ತದೆ ಬರೆಯಬೇಕಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಒಳ್ಳೆಯ ಪುರಾವೆ ಇದೆ. ಎರಡನೆಯದಕ್ಕೆ ಇರುವ ಪುರಾವೆ ತೆಳು. ಆದರೆ ಸುದ್ದಿಯಲ್ಲಿ ಮೊದಲನೆಯದರ ಪುರಾವೆಯನ್ನು ಎತ್ತಿ ಎರಡನೆಯದರ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ಶಾಯಿ ತೊಟ್ಟಿಕ್ಕುವ ಕಾಲದ ಬರಹ

ಕರ್ಸಿವ್ ಬೆಳೆದದ್ದು ಅಂದಕ್ಕಿಂತ ಜಾಸ್ತಿ ಅನುಕೂಲಕ್ಕೆ. ಹಕ್ಕಿಗರಿಯ ಲೇಖನಿಯನ್ನೋ, ಶಾಯಿಗೆ ಅದ್ದುವ ನಿಬ್ಬನ್ನೋ ಪದೇ ಪದೇ ಎತ್ತಿ ಇಟ್ಟರೆ ಕಾಗದದ ಮೇಲೆ ಮಚ್ಚೆ ಬೀಳುತ್ತದೆ. ಎತ್ತದೆ ಎಳೆದುಕೊಂಡು ಹೋದರೆ ಬರಹ ಚೊಕ್ಕ, ಕೆಲಸವೂ ಬೇಗ. 19ನೇ ಶತಮಾನದ ಅಮೆರಿಕದಲ್ಲಿ ಪ್ಲಾಟ್ ರೋಜರ್ಸ್ ಸ್ಪೆನ್ಸರ್ ರೂಪಿಸಿದ ಬಳುಕುವ ಬರಹ ಅಂಗಡಿ, ಕಚೇರಿಗಳ ತುಂಬ ಹರಡಿತು. ಅದು ಹೇಗಿತ್ತು ಅಂತ ನೋಡಲು ಮ್ಯೂಸಿಯಮ್ಮಿಗೆ ಹೋಗಬೇಕಿಲ್ಲ. ಕೋಕಾ ಕೋಲಾ ಬಾಟಲಿ ಮೇಲಿನ ಹೆಸರು ಅದೇ ಶೈಲಿಯದು. 1890ರ ದಶಕದಲ್ಲಿ ಆಸ್ಟಿನ್ ಪಾಮರ್ ಅನ್ನುವವರು ಆ ಬಳುಕನ್ನು ಕಮ್ಮಿ ಮಾಡಿ, ಬೆರಳಿನ ಬದಲು ತೋಳು ಆಡಿಸಿ ಬೇಗ ಬರೆಯುವ ಪದ್ಧತಿ ತಂದರು. ಗುಮಾಸ್ತರ ಕೆಲಸಕ್ಕೆ ಒಳ್ಳೆಯ ಅಕ್ಷರವೇ ಅರ್ಹತೆಯಾಗಿದ್ದ ಕಾಲ ಅದು. ಶಾಲೆಗಳು ಅದನ್ನು ಕೈಬೀಸಿ ಕರೆದುಕೊಂಡವು.

1920ರ ದಶಕದಲ್ಲಿ ಇಂಗ್ಲೆಂಡಿನಿಂದ ಇನ್ನೊಂದು ಗಾಳಿ ಬೀಸಿತು. ಚಿಕ್ಕ ಮಕ್ಕಳಿಗೆ ಪುಸ್ತಕದಲ್ಲಿ ಅಚ್ಚಾಗಿರುವಂಥ ಬಿಡಿ ಅಕ್ಷರವನ್ನೇ ಮೊದಲು ಕಲಿಸಿದರೆ ಓದಲಿಕ್ಕೂ ಬರೆಯಲಿಕ್ಕೂ ಸುಲಭ ಅನ್ನುವ ವಿಚಾರ. ಅಲ್ಲಿಂದ ಅಮೆರಿಕದಲ್ಲಿ ಒಂದು ಕ್ರಮ ಗಟ್ಟಿಯಾಯಿತು. ಮೊದಲ ಎರಡು ವರ್ಷ ಬಿಡಿ ಅಕ್ಷರ, ಮೂರನೇ ತರಗತಿ ಹೊತ್ತಿಗೆ ಕರ್ಸಿವ್.

ಆಮೇಲೆ ಬಾಲ್‌ಪೆನ್ ಬಂತು. ಎತ್ತಿದರೂ ಮಚ್ಚೆ ಬೀಳದ ಪೆನ್ನು. ಗುಮಾಸ್ತರ ಕೆಲಸವನ್ನು ಮೊದಲು ಟೈಪ್‌ರೈಟರ್, ಬಳಿಕ ಕಂಪ್ಯೂಟರ್ ನುಂಗಿತು. ಕಾರಣ ಹೋಯಿತು, ಪಾಠ ಮಾತ್ರ ಹಾಗೇ ನಡೆದಿತ್ತು.

ಅದಕ್ಕೆ ಪೆಟ್ಟು ಬಿದ್ದದ್ದು ಪರೀಕ್ಷೆಯಿಂದ. 2002ರಲ್ಲಿ ಜಾರಿಗೆ ಬಂದ ಕಾನೂನೊಂದು ಓದು ಮತ್ತು ಗಣಿತದ ಪರೀಕ್ಷೆಗಳ ಮೇಲೆ ಶಾಲೆಗಳ ಹಣೆಬರಹವನ್ನೇ ನಿಲ್ಲಿಸಿತು. ಪರೀಕ್ಷೆಯಲ್ಲಿ ಕೇಳದ ವಿಷಯಕ್ಕೆ ಯಾವ ಮೇಷ್ಟರು ಸಮಯ ಕೊಡುತ್ತಾರೆ? 2010ರಲ್ಲಿ ಕಾಮನ್ ಕೋರ್ ಅನ್ನುವ ಪಠ್ಯಕ್ರಮದ ಮಾನದಂಡ ಬಂತು. ನಲವತ್ತಕ್ಕೂ ಹೆಚ್ಚು ರಾಜ್ಯಗಳು ಅದನ್ನು ಒಪ್ಪಿಕೊಂಡವು. ಶಿಶುವಿಹಾರ ಮತ್ತು ಒಂದನೇ ತರಗತಿಯಲ್ಲಿ ಬಿಡಿ ಅಕ್ಷರ, ಮುಂದಿನ ತರಗತಿಗಳಲ್ಲಿ ಕೀಬೋರ್ಡ್. ಕರ್ಸಿವ್ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಸುಮ್ನೆ ಹೇಳುವುದನ್ನು ಬಿಟ್ಟರು ಅಷ್ಟೆ. ಕೆಲವೇ ವರ್ಷಗಳಲ್ಲಿ ಬಹಳಷ್ಟು ತರಗತಿಗಳಿಂದ ಅದು ಮಾಯವಾಯಿತು.

ಮತ್ತೆ ಕರೆಸಿಕೊಂಡವರು ಯಾರು?

2016ರಲ್ಲಿ ಲೂಸಿಯಾನ ಮತ್ತು ಅಲಬಾಮ ಕಾನೂನು ಮಾಡಿ ಕರ್ಸಿವ್ ತಂದವು. ಲೂಸಿಯಾನದ್ದು ಮೂರನೇ ತರಗತಿಯಿಂದ ಹನ್ನೆರಡರವರೆಗೆ! 2023ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಸರದಿ ಬಂತು. 2024ರ ಜನವರಿಯಿಂದ ಜಾರಿಯಾದ ಆ ಕಾನೂನು ಒಂದರಿಂದ ಆರನೇ ತರಗತಿವರೆಗೆ ಕೈಬರಹದ ಪಾಠದಲ್ಲಿ ಕರ್ಸಿವ್ ಇಲ್ಲವೇ ಕೂಡಿಸಿದ ಇಟಾಲಿಕ್ (ಓರೆಯಾಗಿ ಕೂಡಿಸಿ ಬರೆಯುವ ಇನ್ನೊಂದು ಶೈಲಿ) ಇರಬೇಕು ಅನ್ನುತ್ತದೆ. ಮಸೂದೆ ತಂದ ಶಾಸಕಿ ಶರೋನ್ ಕ್ವಿರ್ಕ್ ಸಿಲ್ವಾ ಹಿಂದೆ ಪ್ರಾಥಮಿಕ ಶಾಲೆಯಲ್ಲಿ ಮೇಡಮ್ ಆಗಿದ್ದವರು. ಕರ್ಸಿವ್ ವಾಪಸ್ ತರಬೇಕು ಅಂತ ಅವರ ಕಿವಿಯಲ್ಲಿ ಹಾಕಿದ್ದು ಹಿಂದೆ ಗವರ್ನರ್ ಆಗಿದ್ದ ಜೆರ್ರಿ ಬ್ರೌನ್. ಈಗ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇಂಥ ನಿಯಮ ಇದೆ.

ರಾಜಕೀಯದಲ್ಲಿ ಎಣ್ಣೆ ಸೀಗೆಕಾಯಿಯಂತಿರುವ ಅಲಬಾಮ, ಕ್ಯಾಲಿಫೋರ್ನಿಯಾ ಎರಡೂ ಈ ವಿಷಯದಲ್ಲಿ ಒಂದೇ ಕಡೆ ನಿಂತಿವೆ. ಅದೇನೂ ಆಶ್ಚರ್ಯವಲ್ಲ ಬಿಡಿ. ಕರ್ಸಿವ್ ಕಾನೂನಿಗೆ ಬಜೆಟ್ ಬೇಡ, ವಿರೋಧಿಸಿ ಬೀದಿಗಿಳಿಯುವವರೂ ಇಲ್ಲ, ಅಜ್ಜ ಅಜ್ಜಿಯರಿಗೆ ಖುಷಿ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಕರ್ಸಿವ್ ಕಲಿತರೋ ಇಲ್ಲವೋ ಅಂತ ನೋಡುವ ಪರೀಕ್ಷೆಯೂ ಇಲ್ಲ. ಕ್ಯುಪರ್ಟಿನೊ, ಫ್ರೀಮಾಂಟ್ ಕಡೆಯ ಕನ್ನಡದ ಅಪ್ಪ ಅಮ್ಮಂದಿರು ಮಗು ಫೇಲ್ ಆದೀತೇನೋ ಅಂತ ಹೆದರಬೇಕಿಲ್ಲ.

ಇನ್ನು ಫಿನ್‌ಲ್ಯಾಂಡ್ ಸುದ್ದಿ. ಅದು ಅರ್ಧ ನಿಜ. 2016ರಲ್ಲಿ ಜಾರಿಯಾದ ಹೊಸ ಪಠ್ಯಕ್ರಮದಲ್ಲಿ ಅವರು ಕೈಬಿಟ್ಟಿದ್ದು ಕೂಡಿಸಿ ಬರೆಯುವ ಕಡ್ಡಾಯವನ್ನು ಮಾತ್ರ. ಅಲ್ಲಿನ ಮಕ್ಕಳು ಪೆನ್ಸಿಲ್ ಹಿಡಿದು ಬಿಡಿ ಅಕ್ಷರ ಬರೆಯುವುದನ್ನು ಕಲಿಯುತ್ತಲೇ ಇದ್ದಾರೆ, ಜೊತೆಗೆ ಕೀಬೋರ್ಡ್. ಹೊರದೇಶದ ಕೆಲವು ತಲೆಬರಹಗಳು 'ಕರ್ಸಿವ್' ಅನ್ನುವ ಜಾಗದಲ್ಲಿ 'ಕೈಬರಹ' ಅಂತ ಹಾಕಿದವು, ಕಥೆಯೇ ಬದಲಾಯಿತು. 2023ರಲ್ಲಿ ಸ್ವೀಡನ್ ಟ್ಯಾಬ್ಲೆಟ್ ಕಮ್ಮಿ ಮಾಡಿ ಪುಸ್ತಕ, ಕೈಬರಹಕ್ಕೆ ಮರಳುವ ಮಾತಾಡಿದಾಗಲೂ ಇದೇ ಆಯಿತು. ಅಲ್ಲಿನ ಚರ್ಚೆ ಸ್ಕ್ರೀನ್ ಬಗ್ಗೆ. ಓದುವವರು ಅದನ್ನು ಕರ್ಸಿವ್ ಪರದ ಸುದ್ದಿಯ ಪಕ್ಕದಲ್ಲಿ ಇಟ್ಟುಕೊಂಡರು.

ಮಿದುಳಿನ ಸಾಕ್ಷಿ ಯಾರ ಪರ?

ಕರ್ಸಿವ್ ಪರ ಇರುವವರ ದೊಡ್ಡ ಅಸ್ತ್ರ ಮಿದುಳಿನ ಅಧ್ಯಯನಗಳು. ಇವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಇಂಡಿಯಾನಾ ವಿಶ್ವವಿದ್ಯಾಲಯದ ಕರಿನ್ ಜೇಮ್ಸ್ ಮತ್ತು ಲಾರಾ ಎಂಗೆಲ್‌ಹಾರ್ಟ್ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಮೂರು ರೀತಿಯಲ್ಲಿ ಅಭ್ಯಾಸ ಮಾಡಿಸಿದರು. ಸ್ವಂತ ಕೈಯಲ್ಲಿ ಬರೆಯುವುದು, ಚುಕ್ಕಿ ಗೆರೆಯ ಮೇಲೆ ತಿದ್ದುವುದು, ಕೀಬೋರ್ಡಿನಲ್ಲಿ ಒತ್ತುವುದು. ಆಮೇಲೆ ಅದೇ ಅಕ್ಷರಗಳನ್ನು ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ದೊಡ್ಡವರು ಓದುವಾಗ ಎಚ್ಚರವಾಗುವ ಭಾಗಗಳು ಸ್ವಂತವಾಗಿ ಬರೆದ ಅಕ್ಷರಗಳಿಗೆ ಎಚ್ಚರವಾದವು, ಉಳಿದ ಎರಡಕ್ಕೆ ಅಷ್ಟಾಗಿ ಆಗಲಿಲ್ಲ. ಯಾಕೆ? ಮಗು ಬರೆಯುವ ಹತ್ತು 'ಎ'ಗಳು ಹತ್ತು ಥರ ಇರುತ್ತವೆ. ಒಂದು ಸೊಟ್ಟ, ಒಂದು ದಪ್ಪ, ಒಂದರ ಕಾಲು ಮುರಿದಿದೆ. ಇವೆಲ್ಲ ಒಂದೇ ಅಕ್ಷರ ಅಂತ ತಿಳಿಯುವುದೇ ಅಕ್ಷರ ಗುರುತಿಸುವ ಕಲಿಕೆ. ಕೀಬೋರ್ಡಿನಲ್ಲಿ ಯಾವಾಗಲೂ ಒಂದೇ ಅಚ್ಚು, ತಿದ್ದುವಾಗಲೂ ಹಾಗೆಯೇ.

ಈಗ ಮುಖ್ಯ ವಿಷಯ. ಆ ಮಕ್ಕಳು ಬರೆದದ್ದು ಬಿಡಿ ಅಕ್ಷರ. ಕರ್ಸಿವ್ ಅಲ್ಲ. ಹಾಗಿದ್ದೂ ಈ ಅಧ್ಯಯನ ಕರ್ಸಿವ್ ಪರ ಭಾಷಣಗಳಲ್ಲಿ ಬರುತ್ತಲೇ ಇರುತ್ತದೆ.

ನಾರ್ವೆಯದ್ದು 2024ರ ಆರಂಭದಲ್ಲಿ ಬಂದ ಅಧ್ಯಯನ, ಆಡ್ರಿ ವ್ಯಾನ್ ಡರ್ ಮೀರ್ ಅವರ ತಂಡದ್ದು. 36 ಕಾಲೇಜು ವಿದ್ಯಾರ್ಥಿಗಳ ತಲೆಗೆ 256 ಸೆನ್ಸರ್ ಇರುವ ಟೋಪಿ ಹಾಕಿ, ಡಿಜಿಟಲ್ ಪೆನ್ನಿನಲ್ಲಿ ಪದ ಬರೆಯಲು ಒಮ್ಮೆ, ಟೈಪ್ ಮಾಡಲು ಒಮ್ಮೆ ಹೇಳಿದರು. ಬರೆಯುವಾಗ ಮಿದುಳಿನ ಭಾಗಗಳ ನಡುವಿನ ಸಂಪರ್ಕ ಜಾಸ್ತಿ ಕಂಡಿತು. ಇಲ್ಲಿ ಬರೆದದ್ದು ಕರ್ಸಿವ್ವೇ, ಒಪ್ಪೋಣ. ಆದರೆ ಹೋಲಿಸಿದ್ದು ಟೈಪಿಂಗ್ ಜೊತೆ, ಅದೂ ಒಂದೇ ಬೆರಳಿನ ಟೈಪಿಂಗ್. ಬಿಡಿ ಅಕ್ಷರದ ಜೊತೆ ಹೋಲಿಸಲಿಲ್ಲ. ಯಾರು ಜಾಸ್ತಿ ಕಲಿತರು, ಯಾರಿಗೆ ಜಾಸ್ತಿ ನೆನಪಿತ್ತು ಅಂತಲೂ ಅಳೆಯಲಿಲ್ಲ. ಟ್ರ್ಯಾಕ್ಟರಿಗಿಂತ ಬಿಳಿ ಎತ್ತು ಮೇಲು ಅಂತ ತೋರಿಸಿ, ನೋಡಿ ಕಪ್ಪು ಎತ್ತಿಗಿಂತ ಬಿಳಿ ಎತ್ತೇ ಮೇಲು ಅಂದ ಹಾಗಾಯಿತು.

2014ರಲ್ಲಿ ಬಂದ ಇನ್ನೊಂದು ಅಧ್ಯಯನ ಇನ್ನೂ ಹೆಸರು ಮಾಡಿತು. ಲ್ಯಾಪ್‌ಟಾಪಿನಲ್ಲಿ ನೋಟ್ಸ್ ಮಾಡಿಕೊಂಡವರು ಕೇಳಿದ್ದನ್ನು ಅಕ್ಷರಶಃ ಇಳಿಸುತ್ತಾರೆ, ಕೈಯಲ್ಲಿ ಬರೆದವರು ಅರ್ಥ ಮಾಡಿಕೊಂಡು ಚುಟುಕಾಗಿ ಬರೆಯುತ್ತಾರೆ, ಹಾಗಾಗಿ ಅವರಿಗೆ ವಿಷಯ ಚೆನ್ನಾಗಿ ತಲೆಗೆ ಹತ್ತುತ್ತದೆ ಅನ್ನುವುದು ಅದರ ಸಾರ. ಆಮೇಲೆ ಬೇರೆ ತಂಡಗಳು ಅದನ್ನೇ ಮತ್ತೆ ಮಾಡಿ ನೋಡಿದಾಗ ಫಲಿತಾಂಶ ಅಷ್ಟು ಗಟ್ಟಿಯಾಗಿ ಬರಲಿಲ್ಲ. ಬಂದರೂ ಅದು ಕೈಬರಹದ ಪರವಾದ ಮಾತು, ಕೂಡಿಸಿ ಬರೆಯಬೇಕು ಅನ್ನುವುದಕ್ಕೆ ಆಧಾರವಲ್ಲ.

ಪೆನ್ ಎತ್ತದೆ ಬರೆದರೆ ಯೋಚನೆಯೂ ತುಂಡಾಗದೆ ಹರಿಯುತ್ತದೆ ಅನ್ನುವ ಮಾತೂ ಇದೆ. ಕನ್ನಡದವರಿಗಂತೂ ಇದನ್ನು ಪರೀಕ್ಷಿಸಲು ಸ್ಕ್ಯಾನರೇ ಬೇಡ. ನಮ್ಮ ಅಕ್ಷರಗಳು ಕೂಡುವುದಿಲ್ಲ. 'ಸ್ತ್ರೀ' ಅಂತ ಬರೆಯಬೇಕಾದರೆ ಸಕಾರ ಬರೆದು, ಕೆಳಗಿಳಿದು ತಕಾರದ ಒತ್ತು ಕೊಟ್ಟು, ಮತ್ತೆ ರಕಾರದ ಒತ್ತು ಎಳೆದು, ಮೇಲೆ ಬಂದು ದೀರ್ಘ ಹಾಕಬೇಕು. ಅಷ್ಟರಲ್ಲಿ ಪೆನ್ನು ನಾಲ್ಕು ಸಲ ಎದ್ದು ಕೂತಿರುತ್ತದೆ. ಪೆನ್ ಎತ್ತಿದಾಗಲೆಲ್ಲ ಯೋಚನೆಯ ಎಳೆ ತುಂಡಾಗುವುದಾದರೆ ಕನ್ನಡದಲ್ಲಿ ಒಂದು ಕಾದಂಬರಿಯೂ ಹುಟ್ಟುತ್ತಿರಲಿಲ್ಲ ಅಲ್ವಾ?

ವೇಗದ ಲೆಕ್ಕ, ಮತ್ತು ಹದಿನೈದು ಕಡ್ಡಿಗಳು

ಕೂಡಿಸಿ ಬರೆದರೆ ಬೇಗ ಬರೆಯಬಹುದು ಅನ್ನುವುದು ಎರಡನೇ ವಾದ. ಕೇಳಲಿಕ್ಕೆ ಸರಿಯಾಗಿದೆ, ಪೆನ್ ಎತ್ತುವ ಸಮಯ ಉಳಿಯುತ್ತದಲ್ಲ. ಅಮೆರಿಕದಲ್ಲಿ ನಾಲ್ಕರಿಂದ ಒಂಬತ್ತನೇ ತರಗತಿಯ 600 ಮಕ್ಕಳ ಬರಹವನ್ನು ಸ್ಟೀವ್ ಗ್ರಹಾಂ ಮತ್ತವರ ಜೊತೆಗಾರರು ನೋಡಿ 1998ರಲ್ಲಿ ಪ್ರಕಟಿಸಿದರು. ಪೂರ್ತಿ ಕರ್ಸಿವ್, ಪೂರ್ತಿ ಬಿಡಿ ಅಕ್ಷರ ಎರಡರ ವೇಗವೂ ಹೆಚ್ಚುಕಮ್ಮಿ ಒಂದೇ. ಮುಂದೆ ಇದ್ದವರು ಬೆರಕೆ ಮಾಡಿದವರು. ಸಲೀಸಾಗಿ ಕೂಡುವಲ್ಲಿ ಕೂಡಿಸಿ, ಕಷ್ಟವಾದಲ್ಲಿ ಬಿಡಿಸಿ ಬರೆದ ಮಕ್ಕಳು. ದೊಡ್ಡವರಲ್ಲಿ ಬಹಳ ಜನ ಬರೆಯುವುದೂ ಹೀಗೆಯೇ. ಯಾರೂ ಕಲಿಸದಿದ್ದರೂ ಕೈ ತಾನೇ ಈ ದಾರಿ ಹಿಡಿಯುತ್ತದೆ.

ಓದುವವರ ಕಡೆಯಿಂದಲೂ ನೋಡಬೇಕು. ಇಂಗ್ಲಿಷಿನ 'ಮಿನಿಮಮ್' ಪದವನ್ನು ಒಮ್ಮೆ ಕರ್ಸಿವ್‌ನಲ್ಲಿ ಬರೆಯಿರಿ. ಎಮ್ಮಿಗೆ ಮೂರು ಕಡ್ಡಿ, ಐಗೆ ಒಂದು, ಎನ್ನಿಗೆ ಎರಡು, ಯೂಗೆ ಎರಡು. ಒಟ್ಟು ಹದಿನೈದು ಕಡ್ಡಿಗಳು ಬೇಲಿಯ ಹಾಗೆ ಸಾಲಾಗಿ ನಿಲ್ಲುತ್ತವೆ. ಐ ಮೇಲಿನ ಎರಡು ಚುಕ್ಕಿ ಮರೆತರೆ ಬರೆದವರಿಗೇ ಓದಲು ಬರುವುದಿಲ್ಲ.

ನಮಗೆ ಕೆಲಸಕ್ಕೆ ಬರುವ ಇನ್ನೊಂದು ಅಧ್ಯಯನ ಕೆನಡಾದ ಕ್ವಿಬೆಕ್‌ನದು. ಎರಡನೇ ತರಗತಿಯ ಮಕ್ಕಳನ್ನು ಒಂದು ವರ್ಷ ಗಮನಿಸಿ 2012ರಲ್ಲಿ ಪ್ರಕಟಿಸಿದ್ದು. ಕರ್ಸಿವ್ ಒಂದನ್ನೇ ಕಲಿತ ಮಕ್ಕಳು ಬರೆಯುವುದರಲ್ಲಿ ನಿಧಾನ, ಆದರೆ ವಾಕ್ಯರಚನೆಯಲ್ಲಿ ಚೆನ್ನಾಗಿ ಮಾಡಿದರು. ಕರ್ಸಿವ್ ಪರ ಇರುವ ಅಂಶ ಇದು, ಮುಚ್ಚಿಡುವುದು ಬೇಡ. ಕಷ್ಟ ಆದದ್ದು ಬಿಡಿ ಅಕ್ಷರದಿಂದ ಶುರುಮಾಡಿ ನಡುವೆ ಕರ್ಸಿವ್‌ಗೆ ಬದಲಾದ ಮಕ್ಕಳಿಗೆ. ಕೈಗೆ ಒಂದು ಅಭ್ಯಾಸ ಕೂರುವ ಮೊದಲೇ ಅದನ್ನು ಕಿತ್ತು ಇನ್ನೊಂದನ್ನು ನೆಟ್ಟರೆ ಎರಡೂ ಸರಿಯಾಗಿ ಬೇರು ಬಿಡುವುದಿಲ್ಲ.

ಹಳೇ ಕಾಗದ ಓದುವವರು ಯಾರು?

ಇಲ್ಲಿ ಮಾತ್ರ ಕರ್ಸಿವ್ ಪರ ವಾದಕ್ಕೆ ನಿಜವಾದ ತೂಕ ಇದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷೆಯಾಗಿದ್ದ ಇತಿಹಾಸಕಾರ್ತಿ ಡ್ರೂ ಗಿಲ್ಪಿನ್ ಫೌಸ್ಟ್ 2022ರಲ್ಲಿ ಬರೆದ ಲೇಖನವೊಂದು ದೊಡ್ಡ ಚರ್ಚೆ ಎಬ್ಬಿಸಿತು. ಅವರ ತರಗತಿಯಲ್ಲಿ ಸುಮಾರು ಮೂರನೇ ಎರಡರಷ್ಟು ವಿದ್ಯಾರ್ಥಿಗಳಿಗೆ ಕರ್ಸಿವ್ ಓದಲು ಬರುತ್ತಿರಲಿಲ್ಲ. ಇತಿಹಾಸ ಓದುವ ಮಕ್ಕಳಿಗೆ ತಮ್ಮದೇ ದೇಶದ ಅಂತರ್ಯುದ್ಧದ ಪತ್ರ ಕೈಗೆ ಕೊಟ್ಟರೆ ಅದು ಪರದೇಶದ ಲಿಪಿ. ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಕೋಟ್ಯಂತರ ಹಳೇ ಪುಟಗಳನ್ನು ಸ್ಕ್ಯಾನ್ ಮಾಡಿಟ್ಟು, ಓದಿ ಬರೆದುಕೊಡಿ ಅಂತ ಸ್ವಯಂಸೇವಕರನ್ನು ಕೇಳಿಕೊಳ್ಳುತ್ತಿದೆ.

ಒಂದು ಬರಹ ಶಾಲೆಯಿಂದ ಹೊರಗೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಮೋಡಿ ಲಿಪಿ. ಮರಾಠಿ ಬರೆಯಲು ಬಳಸುತ್ತಿದ್ದ ಈ ಲಿಪಿಯಲ್ಲಿ ಮೊದಲು ಸಾಲಿಗೆ ಸಾಲು ತಲೆಗೆರೆ ಎಳೆದು, ಅದರ ಕೆಳಗೆ ಕೈ ಎತ್ತದೆ ಅಕ್ಷರ ತೂಗುಹಾಕುತ್ತಿದ್ದರು. ಅಂದರೆ ಅದೂ ಕರ್ಸಿವ್ವೇ. ಅಚ್ಚಿನ ಕಾಲದಲ್ಲಿ ದೇವನಾಗರಿ ಮುಂದೆ ಬಂತು, 1950ರ ದಶಕದ ಹೊತ್ತಿಗೆ ಮೋಡಿ ಶಾಲೆಗಳಿಂದ ಮರೆಯಾಯಿತು. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಮರಾಠಾ ಮೀಸಲಾತಿ ವಿಚಾರದಲ್ಲಿ ಹಳೇ ದಾಖಲೆಗಳಲ್ಲಿ 'ಕುಣಬಿ' (ಅಲ್ಲಿ ಹಿಂದುಳಿದ ವರ್ಗದ ಮೀಸಲಾತಿ ಇರುವ ಒಕ್ಕಲು ಜಾತಿ) ಅನ್ನುವ ನಮೂದು ಹುಡುಕಲು ನ್ಯಾಯಮೂರ್ತಿ ಸಂದೀಪ್ ಶಿಂದೆ ಸಮಿತಿ ಮಾಡಿತು. ದಾಖಲೆಗಳಲ್ಲಿ ಬಹಳಷ್ಟು ಮೋಡಿಯಲ್ಲಿ. ಆಗ ಎಲ್ಲೆಲ್ಲೂ ಮೋಡಿ ಬಲ್ಲವರಿಗಾಗಿ ಹುಡುಕಾಟ. ಒಂದು ಕುಟುಂಬದ ಮೀಸಲಾತಿ ಯಾರೋ ಒಬ್ಬ ಜಾಣರು ಆ ಸಾಲನ್ನು ಹೇಗೆ ಓದುತ್ತಾರೆ ಅನ್ನುವುದರ ಮೇಲೆ ನಿಂತಿತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬೆಳಗಾವಿ, ಧಾರವಾಡ ಕಡೆಯ ಹಳೇ ಜಮೀನು ಕಾಗದಗಳಿಗೂ ಇದೇ ಪಾಡು. ಶಾನುಭೋಗರು ಕಡತಗಳಲ್ಲಿ ಬರೆಯುತ್ತಿದ್ದ ಅಂಟಂಟು ಕನ್ನಡ ಬರಹವನ್ನೂ ಮೋಡಿ ಅಂತಲೇ ಕರೆಯುತ್ತಿದ್ದರು. ಶೃಂಗೇರಿ ಮಠದ ಹಳೇ ಕಡತಗಳಲ್ಲಿ ಅದು ಇದೆ, ಓದಬಲ್ಲವರು ಬೆರಳೆಣಿಕೆ.

ಆದರೆ ಇಲ್ಲೂ ಒಂದು ಬಿಡಿಸಬೇಕಾದ ಗಂಟಿದೆ. ಕಳೆದುಕೊಂಡದ್ದು ಓದುವ ಶಕ್ತಿ. ಅದಕ್ಕೆ ಓದಲು ಕಲಿಸಬೇಕು. ವರ್ಷಗಟ್ಟಲೆ ಬರೆಸಬೇಕಿಲ್ಲ.

ಸಹಿ ಹಾಕಲು ಕರ್ಸಿವ್ ಬೇಕು ಅನ್ನುವ ವಾದವೂ ಅಮೆರಿಕದಲ್ಲಿ ಜೋರಾಗಿದೆ. ಚೆಕ್ಕಿನ ಮೇಲೆ ಬಿಡಿಬಿಡಿಯಾಗಿ ಕನ್ನಡದಲ್ಲಿ ಸಹಿ ಹಾಕುವವರಿಗೆ ಇದಕ್ಕೆ ಉತ್ತರ ಹೇಳಬೇಕಾಗಿಲ್ಲ.

ನಮ್ಮ ನಾಲ್ಕು ಗೆರೆ ಪುಸ್ತಕ

ಕರ್ನಾಟಕದಲ್ಲಿ ಪ್ರಶ್ನೆಯೇ ತಿರುಗುಮುರುಗು. ಅಮೆರಿಕದಲ್ಲಿ ಕೈಬರಹವೇ ಕಮ್ಮಿಯಾಗಿ, ಅದನ್ನು ಉಳಿಸಲು ಕರ್ಸಿವ್ ಹಿಡಿದಿದ್ದಾರೆ. ಇಲ್ಲಿ ಕೈಬರಹಕ್ಕೆ ಕೊರತೆಯಿಲ್ಲ. ಹೋಮ್‌ವರ್ಕ್, ಕ್ಲಾಸ್‌ವರ್ಕ್, ಟೆಸ್ಟ್, ಎಸ್ಎಸ್ಎಲ್‌ಸಿ, ಪಿಯುಸಿ ಎಲ್ಲವೂ ಪೆನ್ನಿನಲ್ಲಿ. ನಮ್ಮ ಸಮಸ್ಯೆ ಕರ್ಸಿವ್ ಬರುವ ಹೊತ್ತು.

ಬಹಳಷ್ಟು ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ನಾಲ್ಕೈದು ವರ್ಷಕ್ಕೇ ಕರ್ಸಿವ್ ಶುರು. ಮಗುವಿನ ಮುಂದೆ ಏನೆಲ್ಲ ಇದೆ ನೋಡಿ. ಇಂಗ್ಲಿಷಿನ 26 ದೊಡ್ಡಕ್ಷರ, 26 ಚಿಕ್ಕಕ್ಷರ. ಆಮೇಲೆ ಅದೇ 52ಕ್ಕೆ ಕರ್ಸಿವ್ ರೂಪ. ಇದರ ಜೊತೆಗೆ ಕನ್ನಡ ವರ್ಣಮಾಲೆ, ಕಾಗುಣಿತ, ಒತ್ತಕ್ಷರ. ಕೆಲವು ಕಡೆ ಹಿಂದಿಯೂ. ಕನ್ನಡದ ದುಂಡನೆಯ 'ಅ' ಬರೆಯಲು ಬೆರಳು ಒಂದು ಥರ ಸುತ್ತಬೇಕು, ಓರೆಯಾಗಿ ಹರಿಯುವ ಕರ್ಸಿವ್‌ಗೆ ಇನ್ನೊಂದು ಥರ. ಓದುವ ಪುಸ್ತಕದಲ್ಲಿ ಇರುವುದು ಅಚ್ಚಿನ ಅಕ್ಷರ, ಬರೆಯುವ ಪುಸ್ತಕದಲ್ಲಿ ಬೇರೆಯದು. ಕ್ವಿಬೆಕ್‌ನಲ್ಲಿ ತೊಂದರೆ ಕೊಟ್ಟ ನಡುವಿನ ಬದಲಾವಣೆಯನ್ನು ನಾವು ಇನ್ನೂ ಚಿಕ್ಕ ವಯಸ್ಸಿಗೆ, ಎರಡು ಮೂರು ಲಿಪಿಗಳ ನಡುವೆ ಮಾಡಿಸುತ್ತಿದ್ದೇವೆ.

ಹಾಗಿದ್ದರೂ ಶಾಲೆಗಳು ಬಿಡುವುದಿಲ್ಲ, ಅದಕ್ಕೂ ಕಾರಣ ಇದೆ. ಮುತ್ತು ಪೋಣಿಸಿದಂಥ ಅಕ್ಷರ ಕಣ್ಣಿಗೆ ಕಾಣುವ ವಸ್ತು. ಮಗುವಿಗೆ ಓದಿದ್ದು ಅರ್ಥವಾಗುತ್ತದೋ ಇಲ್ಲವೋ ಅಂತ ಪೋಷಕರ ಸಭೆಯಲ್ಲಿ ತೋರಿಸುವುದು ಕಷ್ಟ. ಕರ್ಸಿವ್ ತುಂಬಿದ ಪುಸ್ತಕ ತೆರೆದಿಟ್ಟರೆ ಫೀಸಿಗೆ ಮೋಸವಿಲ್ಲ ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಚಂದದ ಅಕ್ಷರಕ್ಕೆ ಅಂಕ ಬೀಳುತ್ತದೆ ಅನ್ನುವ ನಂಬಿಕೆ ಸುಳ್ಳಲ್ಲ. ಒಂದೇ ಉತ್ತರವನ್ನು ಓದಲು ಸುಲಭವಾದ ಅಕ್ಷರದಲ್ಲಿ ಕೊಟ್ಟರೆ ಅಂಕ ಜಾಸ್ತಿ, ಕಾಗೆಕಾಲು ಗುಬ್ಬಿಕಾಲಿನಲ್ಲಿ ಕೊಟ್ಟರೆ ಕಮ್ಮಿ ಬೀಳುತ್ತದೆ ಅಂತ ಅಧ್ಯಯನಗಳೂ ಹೇಳಿವೆ. ಆದರೆ ಲಾಭ ಓದಲು ಬರುವ ಅಕ್ಷರಕ್ಕೆ. ಅದು ಬಿಡಿಯಾಗಿದ್ದರೂ ನಡೆಯುತ್ತದೆ.

ತಮಾಷೆಯೆಂದರೆ ಶಾಲೆ ಮುಗಿದ ಮೇಲೆ ಕರ್ಸಿವ್ ಬೇಡ ಅನ್ನುವವರೇ ಜಾಸ್ತಿ. ಬ್ಯಾಂಕಿನ ಖಾತೆ ಅರ್ಜಿಯಲ್ಲಿ ಚೌಕಕ್ಕೊಂದು ಅಕ್ಷರ, ಅದೂ ಕ್ಯಾಪಿಟಲ್‌ನಲ್ಲಿ. 2025ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್, ಓದಲು ಬರುವ ಔಷಧ ಚೀಟಿ ಪಡೆಯುವುದು ರೋಗಿಯ ಮೂಲಭೂತ ಹಕ್ಕು ಎಂದಿತು. ಕಂಪ್ಯೂಟರ್ ಚೀಟಿ ಬರುವವರೆಗೆ ಡಾಕ್ಟರುಗಳು ಕ್ಯಾಪಿಟಲ್ ಅಕ್ಷರದಲ್ಲೇ ಬರೆಯಲಿ ಎಂದಿತು. ವೈದ್ಯಕೀಯ ಪಠ್ಯದಲ್ಲಿ ಅಕ್ಷರ ಬರೆಯುವ ಪಾಠ ಸೇರಿಸಿ ಅಂತಲೂ ಹೇಳಿತು. ಯುಕೆಜಿಯಲ್ಲಿ ಕೂಡಿಸಲು ಕಲಿಸಿ, ಎಂಬಿಬಿಎಸ್‌ನಲ್ಲಿ ಬಿಡಿಸಲು ಕಲಿಸುವ ಹಾಗಾಯಿತು.

ಮುಂದೆ ಏನಾಗಬಹುದು?

ಕ್ಯಾಲಿಫೋರ್ನಿಯಾದ ಮೊದಲ ಅಡ್ಡಿ ಮಕ್ಕಳಲ್ಲ, ಮೇಷ್ಟರುಗಳು. 2010ರ ಆಸುಪಾಸಿನಲ್ಲಿ ಪ್ರಾಥಮಿಕ ಶಾಲೆಯಲ್ಲಿದ್ದವರು ಈಗ ಶಿಕ್ಷಕರಾಗಿ ಬರುತ್ತಿದ್ದಾರೆ. ಅವರಲ್ಲಿ ಬಹಳ ಜನರಿಗೆ ಕರ್ಸಿವ್ ಗೊತ್ತಿಲ್ಲ. ಪರೀಕ್ಷೆಯೂ ಇಲ್ಲ ಅಂದಮೇಲೆ ಕಾನೂನು ಒಂದು ಶಾಲೆಯಲ್ಲಿ ವಾರಕ್ಕೆ ಹಲವು ತರಗತಿಯಾಗಿ, ಇನ್ನೊಂದರಲ್ಲಿ ಒಂದೆರಡು ವರ್ಕ್‌ಶೀಟ್ ಆಗಿ ಉಳಿಯುವ ಸಾಧ್ಯತೆ ಜಾಸ್ತಿ.

ಕಂಪ್ಯೂಟರಿನ ಪ್ರಭಾವ ಎರಡೂ ದಿಕ್ಕಿಗೆ ಎಳೆಯುತ್ತದೆ. ಹಳೇ ಕೈಬರಹ ಓದುವ ಸಾಫ್ಟ್‌ವೇರ್ ವರ್ಷದಿಂದ ವರ್ಷಕ್ಕೆ ಉತ್ತಮವಾಗುತ್ತಿದೆ, ಹಾಗಾಗಿ ಪತ್ರಾಗಾರದ ವಾದ ನಿಧಾನಕ್ಕೆ ಸವೆಯಬಹುದು. ಅದೇ ಹೊತ್ತಿಗೆ ಚಾಟ್‌ಜಿಪಿಟಿಗೆ ಹೆದರಿ ಅಮೆರಿಕದ ಕಾಲೇಜುಗಳು ಪೆನ್ನು ಕಾಗದದ ಪರೀಕ್ಷೆಗೆ ಮರಳುತ್ತಿವೆ. 'ಬ್ಲೂ ಬುಕ್' ಅನ್ನುವ ಉತ್ತರ ಪುಸ್ತಿಕೆಗಳ ಮಾರಾಟ ಏರಿದೆ. ಮೂರು ಗಂಟೆ ಬರೆಯಲು ಕೈಗೆ ಶಕ್ತಿ ಬೇಕು. ಅಲ್ಲಿನ ಮಕ್ಕಳು ಇದರಲ್ಲಿ ನಮ್ಮ ಪಿಯುಸಿ ಮಕ್ಕಳಿಗಿಂತ ಬಹಳ ಹಿಂದೆ ಇರುತ್ತಾರೆ.

ಇಲ್ಲಿ ಬದಲಾವಣೆ ಬಂದರೆ ಅದು ಸರ್ಕಾರಿ ಆದೇಶದಿಂದ ಬರುವುದು ಅನುಮಾನ. ಯಾವುದೋ ಒಂದು ಶಾಲೆ ಯುಕೆಜಿಯಿಂದ ಕರ್ಸಿವ್ ತೆಗೆದು, ಬಿಡಿ ಅಕ್ಷರ ಕೈಗೆ ಪೂರ್ತಿ ಕೂತ ಮೇಲೆ, ಐದನೇ ತರಗತಿಯಲ್ಲಿ ಕೆಲವು ಪೀರಿಯಡ್ ಅದನ್ನು ಓದಲು ಕಲಿಸಬೇಕು. ಅದಕ್ಕೆ ಬಹಳ ದಿನ ಬೇಡ. ಚಿಕ್ಕಕ್ಷರಗಳಲ್ಲಿ ಹೆಚ್ಚಿನವು ಅಚ್ಚಿನವಕ್ಕೆ ಬಾಲ ಸೇರಿಸಿದ ಹಾಗೇ ಇವೆ. ಕಾಡುವುದು ಬಿ, ಎಫ್, ಆರ್, ಎಸ್, ಝಡ್‌ನಂಥ ಕೆಲವು. ದೊಡ್ಡಕ್ಷರದಲ್ಲಿ ಜಿ ಮತ್ತು ಎಸ್ ಒಂದನ್ನೊಂದು ಹೋಲುತ್ತವೆ, ಹಳೇ ಶೈಲಿಯ ಕ್ಯೂ ಥೇಟ್ 2ರ ಹಾಗೆ ಕಾಣುತ್ತದೆ. ಇಷ್ಟು ಹಿಡಿದ ಹತ್ತು ವರ್ಷದ ಮಗು ಕೋಕಾ ಕೋಲಾ ಬಾಟಲಿಯನ್ನೂ ಓದುತ್ತದೆ, ತಾತನ ಇಂಗ್ಲಿಷ್ ಪತ್ರವನ್ನೂ ಓದುತ್ತದೆ. ಅದರಂತೆ ಬರೆಯಬೇಕು ಅಂತ ಆಸೆಯಾದರೆ ನಾಲ್ಕು ಗೆರೆ ಪುಸ್ತಕ ಪೇಟೆಯಲ್ಲಿ ಹೇಗೂ ಸಿಗುತ್ತದೆ.